ಚರ್ಚಿಗೆ ತಿಂಗಳ ವಂತಿಗೆ ಯಾಕೆ? ಭಾನುವಾರದ ಕಾಣಿಕೆ ಚೀಲ ಸಾಕಾಗೂದಿಲ್ಲೇನು?

ಕೇಶ್ವಾಪುರದಾಕಿ:
ಪಗಾರ ₹28,000. ಭಾನುವಾರ ಆರಾಧನೆಯಲ್ಲಿ ಚೀಲಕ್ಕೆ ₹50 ಹಾಕುತ್ತೇನೆ. ಈಗ ನಮ್ಮ ಚರ್ಚ್ ಸಭೆಯವರು ತಿಂಗಳ ವಂತಿಗೆ ಬರೆಯುವ ಕಾರ್ಡ್ ಕೊಟ್ಟಿದ್ದಾರೆ. ಎರಡೂ ಯಾಕೆ ಬೇಕು? ದಶಮಾಂಶ ಅಂದರೆ ₹2,800 ಕೊಡಲೇಬೇಕಾ? ತೆರಿಗೆಯಲ್ಲಿ ಕಳೆಯಬಹುದಾ? ದುಬೈನಲ್ಲಿರುವ ಅಣ್ಣನೂ ಕಳಿಸುತ್ತೇನೆ ಅಂತಿದ್ದಾನೆ.

ಲೆಕ್ಕದ ವಹಿ, ಧಾರವಾಡ:
ಅಕ್ಕಾರ, ಚೀಲದ ರೊಕ್ಕ ಮಳಿ ಇದ್ದಂಗ. ಕ್ರಿಸ್ಮಸ್ಸಿಗೆ ತುಂಬತೈತಿ, ಮೇ ರಜೆಯಾಗ ಬತ್ತತೈತಿ. ಖರ್ಚು ಮಾತ್ರ ಪ್ರತಿ ತಿಂಗಳು ಅಷ್ಟ: ಕರೆಂಟು, ನೀರು, ಗುಡಿ (ಚರ್ಚ್) ಕಾಯುವವರ ಪಗಾರ, ಡಯಾಸಿಸ್‌ಗೆ (ಬಿಷಪ್ಪರ ಪ್ರಾಂತಕ್ಕ) ಕಟ್ಟೋ ಪಾಲು. ಅಯ್ಯನವರ (ಪಾಸ್ಟರ್) ಪಗಾರ ಹೊಂದೂದು ಆ ಪಾಲಿನ ಮ್ಯಾಲೇ.

ಉದಾಹರಣೆಗೆ ಲೆಕ್ಕ ಹಾಕ್ರಿ. 120 ಮನಿ, ತಿಂಗಳ ಖರ್ಚು ₹36,000 ಅಂದ್ರ ಮನಿಗೆ ₹300. ನಲವತ್ತು ಮನಿಯವರು ಬಾಕಿ ಇಟ್ರ ಉಳಿದ 80 ಮನಿ ಮ್ಯಾಲೆ ₹450 ಬೀಳತೈತಿ. ಅಷ್ಟು ಕೊಡೋರು ಇಲ್ಲಂದ್ರ ಚಾವಣಿ ರಿಪೇರಿಗಂತ ಎತ್ತಿಟ್ಟ ನಿಧಿಗೆ ಕೈ ಹಾಕ್ತಾರ. ಮುಂದಿನ ಮಳಿಗಾಲಕ್ಕ ಗ್ವಾಡಿ ಸೋರತೈತಿ. ಇದು ಯಾರ ಕೆಟ್ಟತನಾನೂ ಅಲ್ಲ, ಬರೋ ರೊಕ್ಕದ ದಿನ ಖಚಿತ ಇಲ್ಲದ್ದರ ಫಲ. ಹಬ್ಬಕ್ಕೊಮ್ಮೆ ₹5,000 ಕೊಡೋರಿಗಿಂತ ತಿಂಗಳಾ ₹300 ತಪ್ಪದ ಕೊಡೋರಿಂದ ಸಭೆ ನಿಲ್ಲತೈತಿ.

ಕೊಡೂ ಮುಂದ ಮೂರು ಸಂಗತಿ ನೋಡ್ರಿ. ಪಾವತಿ (ರಸೀದಿ) ಸಂಖ್ಯೆ ಕಾರ್ಡಿನ ಮ್ಯಾಲೆ ಬರಿಸ್ಕೋರಿ. ಫೋನ್‌ಪೇ ಮಾಡಿದ್ರ ಕ್ಯೂಆರ್ ಸಭೆಯ ಖಾತೆಯದ್ದೋ ಯಾರದರ ಸ್ವಂತ ನಂಬರಿನದ್ದೋ ಅಂತ ಹೆಸರು ಓದ್ರಿ. ಟಿಪ್ಪಣಿಯೊಳಗ 'ವಂತಿಗೆ, ಜೂನ್, ಕಾರ್ಡ್ ನಂಬರ್' ಅಂತ ಹಾಕ್ರಿ, ಇಲ್ಲಂದ್ರ ಆ ರೊಕ್ಕ ಯಾರ ಲೆಕ್ಕಕ್ಕೂ ಹತ್ತದ ಉಳೀತೈತಿ. ಇನ್ನ ಚೀಲದ ರೊಕ್ಕ: ಆರಾಧನೆ ಮುಗಿದ ಕೂಡ್ಲೆ ಇಬ್ಬರು ಕೂಡಿ ಎಣಿಸಿ, ಯಾವ ನೋಟು ಎಷ್ಟು ಅಂತ ಬರೆದು ಇಬ್ಬರೂ ಸಹಿ ಮಾಡಬೇಕು, ಸೋಮವಾರ ಬ್ಯಾಂಕಿಗೆ ಹೋಗಬೇಕು. ಒಬ್ಬರ ಎಣಿಸೋ ಪದ್ಧತಿ ಇದ್ರ ಪ್ರಾಮಾಣಿಕ ಖಜಾಂಚಿಗೂ ಸಂಶಯದಿಂದ ರಕ್ಷಣೆ ಇಲ್ಲ. ವಾರ್ಷಿಕ ಸಭೆಯೊಳಗ ಲೆಕ್ಕಪತ್ರ ಕೇಳೂದು ನಿಮ್ಮ ಹಕ್ಕು, ಕೇಳ್ರಿ.

ಬೆಟಗೇರಿ ಓಣಿ:
ದಶಮಾಂಶಕ್ಕೆ ಯಾರೂ ಒತ್ತಾಯ ಮಾಡುವಂತಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 16ನೇ ಅಧ್ಯಾಯ ನೋಡಿ: ವಾರದ ಮೊದಲ ದಿನ, ಅವರವರ ಸಂಪಾದನೆಗೆ ತಕ್ಕಂತೆ ಎತ್ತಿಡಬೇಕು ಅನ್ನುತ್ತಾನೆ. ಪಗಾರ ಬಂದ ದಿನವೇ ₹500 ಬೇರೆ ತೆಗೆದಿಟ್ಟು ಶುರು ಮಾಡಿ, ಪಗಾರ ಏರಿದಂತೆ ಏರಿಸಿ. ಸಾಲ ಮಾಡಿ ಕೊಡಬೇಡಿ.

ಯಾಕೆ ಕೊಡಬೇಕು ಅನ್ನುವುದಕ್ಕೆ ನಮ್ಮ ಭಾಗದ ಇತಿಹಾಸವೇ ಉತ್ತರ. ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಗುಡಿ, ಶಾಲೆ ಎದ್ದದ್ದರಲ್ಲಿ ಯುರೋಪಿನ ಸಾಮಾನ್ಯ ಜನರ ಕಾಣಿಕೆಯ ಪಾಲು ದೊಡ್ಡದು. 1914ರಲ್ಲಿ ಯುದ್ಧ ಶುರುವಾಗಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು. ದೂರದ ಕೈ ನಂಬಿದ ಸಭೆ ಎಷ್ಟು ಬೇಗ ಅನಾಥವಾಗುತ್ತದೆ ಅಂತ ಆಗ ಗೊತ್ತಾಯಿತು. 1947ರ ಸೆಪ್ಟೆಂಬರ್ 27ರಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿತು, ನಮ್ಮ ಭಾಗದ ಸಭೆಗಳು ಮುಂದೆ ಅದಕ್ಕೆ ಸೇರಿದವು. ಗುಡಿ ನಮ್ಮದು ಅಂದ ಮೇಲೆ ಅದರ ಹಂಚು ಬದಲಿಸುವ ಖರ್ಚೂ ನಮ್ಮದೇ.

ಬ್ಯಾಡಗಿ ಸೀಮೆ:
ಹಳ್ಳಿ ಸಭೆಗಳ ಮಾತೂ ಸೇರಲಿ. ಇಲ್ಲಿ ಪಗಾರ ಇಲ್ಲ, ಸುಗ್ಗಿ ಹಬ್ಬಕ್ಕ ಗೋವಿನಜೋಳ, ಶೇಂಗಾ, ಒಣಮೆಣಸಿನಕಾಯಿ ಬರ್ತಾವ. ಎರಡು ಕಡೆ ಕೆಡತೈತಿ. ಕಾಯಿ ತೇವ ಇದ್ದಾಗ ಚೀಲ ಕಟ್ಟಿ ಇಟ್ರ ಬಣ್ಣ ಹೋಗಿ ಬೂಷ್ಟು ಹಿಡೀತೈತಿ, ಮಾರ್ಕೆಟ್‌ನಾಗ ದರ ಬೀಳತೈತಿ. ತೂಕ ಮಾಡಿ, ಕಿಲೋ ಬರೆದ ಪಾವತಿ ಕೊಟ್ಟು, ಒಣಗಿಸಿ ಲಗೂನ ಮಾರ್ರಿ. ಇನ್ನೊಂದು ಲಿಲಾವು (ಹರಾಜು). ಉತ್ಸಾಹದಾಗ ಒಂದು ತೆಂಗಿನಕಾಯಿಗೆ ₹2,000 ಕೂಗ್ತಾರ, ಕೊಡೂದು ತಡ ಆಗತೈತಿ. ಕೂಗಿದ್ದನ್ನ ಜಮಾ ಅಂತ ಬರಿಬ್ಯಾಡ್ರಿ, ಕೈಗೆ ಬಂದದ್ದನ್ನಷ್ಟ ಬರೀರಿ.

ತೆರಿಗೆ ವಿಚಾರ, ಗದಗ:
ಬರೀ ಆರಾಧನೆಗೆ ಮೀಸಲಾದ ಸಂಸ್ಥೆಗೆ ಸಾಮಾನ್ಯವಾಗಿ 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ) ಸಿಗುವುದಿಲ್ಲ. ಆಸ್ಪತ್ರೆ, ಶಾಲೆ ನಡೆಸುವ ಟ್ರಸ್ಟಿಗೆ ಇರಬಹುದು, ಪ್ರಮಾಣಪತ್ರ ಕೇಳಿ. ಇದ್ದರೂ ₹2,000 ಮೀರಿದ ನಗದಿಗೆ ಅದು ಲೆಕ್ಕಕ್ಕಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ವಿನಾಯಿತಿಯೇ ಇಲ್ಲ.

ಅಣ್ಣನ ಬಳಿ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಪಾಸ್‌ಪೋರ್ಟ್ ಪುಟದ ಪ್ರತಿಯನ್ನು ಖಜಾಂಚಿಗೆ ಕೊಡಲಿ. ಬೇರೆ ದೇಶದ ಪೌರತ್ವ ಪಡೆದಿದ್ದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಭೆ ಆ ಹಣ ಮುಟ್ಟುವಂತಿಲ್ಲ. ನೋಂದಣಿ ಇದ್ದರೂ ಅದು ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಎಫ್‌ಸಿಆರ್‌ಎ ಖಾತೆಗೆ.