112 ಪ್ರಾಯ ಆಯ್ತು ಅಂತ ವಿಕಿಪೀಡಿಯದಲ್ಲಿ ಪುಟ ಮಾಡ್ಲಿಕ್ಕಾಗ್ತದಾ?

ಗುಂಪು: ಲೈಬ್ರರಿ ಸಯನ್ಸ್ ಹಳಬರು, ಮಂಗಳೂರು–ಉಡುಪಿ

ಹೆಗ್ಡೆ ಕಾರ್ಕಳ: (ಫೋಟೊ: ಪತ್ರಿಕೆಯ ತುಣುಕು, "112ರಲ್ಲೂ ಸೂಜಿಗೆ ನೂಲು ಪೋಣಿಸುವ ಅಜ್ಜಿ")

ಹೆಗ್ಡೆ ಕಾರ್ಕಳ: ಪಕ್ಕದ ಊರಿನವರು. ಇವರಿಗೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಪುಟ ಇಲ್ಲ. ಸಿನಿಮಾದಲ್ಲಿ ಎರಡು ಸೀನ್ ಮಾಡಿದವರಿಗೆಲ್ಲ ಉಂಟು. ಭಟ್ರೇ, ನೀವು ಅಲ್ಲಿ ಬರೀತೀರಲ್ಲ, ಒಂದು ಹಾಕಿ. ದಾಖಲೆ ಎಲ್ಲ ಮೊಮ್ಮಗ ಕೊಟ್ಟಿದ್ದಾನೆ, ಕಳಿಸ್ತೇನೆ.

ಹೆಗ್ಡೆ ಕಾರ್ಕಳ: (ಫೋಟೊ) (ಫೋಟೊ) (ಫೋಟೊ)

ಕಾಮತ್ ಅಡ್ಮಿನ್: ಹೆಗ್ಡೆಯವ್ರೆ, ಆಧಾರ್ ನಂಬರ್ ಪೂರ್ತಿ ಕಾಣ್ತದೆ. ಮೊದಲು ಅದನ್ನು ತೆಗೀರಿ.

ಹೆಗ್ಡೆ ಕಾರ್ಕಳ: ಈ ಸಂದೇಶವನ್ನು ಅಳಿಸಲಾಗಿದೆ

ಭಟ್ ಉಡುಪಿ: ಹಾಕಬಹುದು, ಆದ್ರೆ ನಿಲ್ಲುವುದಿಲ್ಲ. ಪ್ರಾಯ ಒಂದರ ಮೇಲೆ ಪುಟ ಕೊಡುವ ನಿಯಮ ವಿಕಿಪೀಡಿಯದಲ್ಲಿ ಇಲ್ಲ. ಕೇಳುವುದು ಇಷ್ಟೆ: ಆ ವ್ಯಕ್ತಿಗೂ ಅವರ ಮನೆಯವರಿಗೂ ಸಂಬಂಧ ಇಲ್ಲದವರು, ನಂಬಬಹುದಾದ ಕಡೆ, ವಿಸ್ತಾರವಾಗಿ ಬರೆದದ್ದು ಉಂಟಾ? ಒಂದಲ್ಲ, ಹಲವು. ಹುಟ್ಟುಹಬ್ಬಕ್ಕೆ ಒಂದು ಫೋಟೊ ಮತ್ತು ಐದು ಸಾಲು ಬಂದ್ರೆ ಅದು ದಿನನಿತ್ಯದ ಸುದ್ದಿ, ಲೆಕ್ಕಕ್ಕೆ ಬರುವುದಿಲ್ಲ.

ಹೆಗ್ಡೆ ಕಾರ್ಕಳ: ಹಾಗಾದ್ರೆ ಆ ಫ್ರಾನ್ಸಿನ ಅಜ್ಜಿಗೆ ಹೇಗೆ ಉಂಟು? ಅವರು ಮಾಡಿದ್ದಾದ್ರೂ ಎಂತ? ಬದುಕಿದ್ದು ಬಿಟ್ರೆ?

ಭಟ್ ಉಡುಪಿ: ಜೀನ್ ಕಾಲ್ಮೆಂಟ್. 1875 ಫೆಬ್ರವರಿ 21ಕ್ಕೆ ಆರ್ಲ್ ಪಟ್ಟಣದಲ್ಲಿ ಹುಟ್ಟು, 1997 ಆಗಸ್ಟ್ 4ಕ್ಕೆ ಸಾವು. 122 ವರ್ಷ 164 ದಿನ. ಅವರು ಎಂತ ಮಾಡಿದ್ರು ಅಂತ ಯಾರೂ ಕೇಳುವುದಿಲ್ಲ, ಅವರ ಬಗ್ಗೆ ಎಷ್ಟು ಬರೆದಿದ್ದಾರೆ ಅಂತ ಕೇಳ್ತಾರೆ. ವೈದ್ಯರು, ಜನಸಂಖ್ಯಾ ಶಾಸ್ತ್ರದವರು ಬದುಕಿದ್ದಾಗಲೇ ಕೂತು ಪರೀಕ್ಷೆ ಮಾಡಿದ್ದಾರೆ. 2018ರಲ್ಲಿ ರಷ್ಯಾದ ಕೆಲವರು "ಇವರು ಜೀನ್ ಅಲ್ಲ, 1934ರಲ್ಲಿ ಸತ್ತಳು ಅಂತ ಬರೆಸಿದ ಮಗಳು ಇವೊನ್" ಅಂತ ಹೊಸ ವಾದ ತಂದ್ರು. 2019ರಲ್ಲಿ ಫ್ರೆಂಚ್ ಸಂಶೋಧಕರು ಒಂದೊಂದೇ ದಾಖಲೆ ಹಿಡಿದು ಅದಕ್ಕೆ ಉತ್ತರ ಬರೆದ್ರು. ಆ ಪುಟದಲ್ಲಿ ಬರೀಲಿಕ್ಕೆ ವಿಷಯ ಉಂಟು ಮಾರಾಯ್ರೆ.

ರೈ ಪುತ್ತೂರು: ಅವರ ಫ್ಲ್ಯಾಟಿನ ಕತೆ ಬಿಟ್ರಿ. 1965ರಲ್ಲಿ 90ರ ಅಜ್ಜಿಗೆ ತಿಂಗಳಿಗೆ 2500 ಫ್ರಾಂಕ್ ಕೊಡ್ತೇನೆ, ನೀವು ಹೋದ ಮೇಲೆ ಮನೆ ನನಗೆ ಅಂತ 47ರ ವಕೀಲ ಒಬ್ಬ ಬರೆಸಿಕೊಂಡ. 30 ವರ್ಷ ಕಟ್ಟಿ ಕಟ್ಟಿ 1995ರಲ್ಲಿ ಅವನೇ ಹೋದ. ಮುಂದೆ ಕಟ್ಟಿದ್ದು ಅವನ ಮನೆಯವರು. ನಮ್ಮಲ್ಲಿ ಮೂಲಗೇಣಿ (ಶಾಶ್ವತ ಗೇಣಿ) ಮಾಡಿದವರೂ ಇಷ್ಟು ಸೋಲ್ಲಿಕ್ಕಿಲ್ಲ.

ಹೆಗ್ಡೆ ಕಾರ್ಕಳ: ಆಯ್ತು, ಅವರು ಜಗತ್ತಿಗೆ ಒಬ್ಬರು. "ಈಗ ಬದುಕಿರುವವರಲ್ಲಿ ಅತಿ ಹಿರಿಯರು" ಅಂತ ಪಟ್ಟ ಸಿಕ್ಕಿದವರಿಗೆಲ್ಲ ಪುಟ ಉಂಟಲ್ಲ, ಅದಕ್ಕೆ ಎಂತ ಹೇಳ್ತೀರಿ?

ಭಟ್ ಉಡುಪಿ: ಆ ಪಟ್ಟ ಎಷ್ಟು ದಿನ ನಿಲ್ತದೆ ನೋಡಿ. ಸ್ಪೇನಿನ ಮರಿಯಾ ಬ್ರಾನ್ಯಾಸ್ 2024 ಆಗಸ್ಟ್ 19ಕ್ಕೆ ಹೋದ್ರು. ಆಮೇಲೆ ಜಪಾನಿನ ತೊಮಿಕೊ ಇತೂಕಾ, ಅವರು ಡಿಸೆಂಬರ್ ಕೊನೆಗೆ. ಆಮೇಲೆ ಬ್ರೆಜಿಲಿನ ಸಿಸ್ಟರ್ ಇನಾ ಕನಬಾರೊ, 2025 ಏಪ್ರಿಲ್ 30ಕ್ಕೆ. ಅಲ್ಲಿಂದ ಇಂಗ್ಲೆಂಡಿನ ಎಥೆಲ್ ಕೇಟರ್‌ಹ್ಯಾಮ್. ಎಂಟು ಚಿಲ್ಲರೆ ತಿಂಗಳಲ್ಲಿ ಮೂರು ಸಲ ಪಟ್ಟ ಬದಲಾಯ್ತು.

ರೈ ಪುತ್ತೂರು: ನಮ್ಮ ಕೃಷ್ಣಮಠದ ಪರ್ಯಾಯಕ್ಕಾದ್ರೂ ಎರಡು ವರ್ಷ ಉಂಟು.

ಭಟ್ ಉಡುಪಿ: ಅಂಥವರ ಪುಟಗಳೂ ಆಗಾಗ ಅಳಿಸುವ ಚರ್ಚೆಗೆ ಬರ್ತವೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅಂಥ ಚರ್ಚೆಗೆ ಏಳು ದಿನ. "ಇರಲಿ" ಅಂತ ಹತ್ತು ಜನ ಬರೆದ್ರೂ ತಲೆ ಎಣಿಸುವುದಿಲ್ಲ, ಯಾರ ವಾದಕ್ಕೆ ಆಧಾರ ಉಂಟು ಅಂತ ನೋಡ್ತಾರೆ. ಈ ದೀರ್ಘಾಯುಷಿಗಳ ಜಗಳ ಎಷ್ಟು ಬೆಳೀತು ಅಂದ್ರೆ 2011ರಲ್ಲಿ ಅಲ್ಲಿ ಜಗಳ ತೀರ್ಮಾನಿಸುವ ಪಂಚಾಯಿತಿ ಸಮಿತಿಯವರೆಗೆ ಹೋಯ್ತು. ಒಂದು ಗುಂಪು ಪ್ರತಿಯೊಬ್ಬ 110 ದಾಟಿದವರಿಗೂ ಪುಟ ಮಾಡ್ತಾ ಹೋಗುವುದು, ಇನ್ನೊಂದು ಗುಂಪು ಅಳಿಸ್ತಾ ಹೋಗುವುದು. ಹೆಚ್ಚಿನವು ಈಗ ದೇಶವಾರು ಪಟ್ಟಿಗಳಲ್ಲಿ ನಾಲ್ಕೈದು ಸಾಲು. ನನ್ನ ಕೇಳಿದ್ರೆ ಅದೇ ಸರಿ. ಪುಟ ಬಿಡಿಸಿ ನೋಡಿ: ಇಂಥಲ್ಲಿ ಹುಟ್ಟಿದ್ರು, ಮದುವೆ ಆಯ್ತು, ಮಕ್ಕಳು ಇಷ್ಟು, ಗುಟ್ಟು ಕೇಳಿದ್ರೆ "ಗಂಜಿ, ಉಪ್ಪಿನಕಾಯಿ, ಕೋಪ ಮಾಡ್ಬಾರ್ದು" ಅಂದ್ರು, ತೀರಿಕೊಂಡ್ರು. ಇದು ಕೋಷ್ಟಕದ ಒಂದು ಗೆರೆ, ಜೀವನಚರಿತ್ರೆ ಅಲ್ಲ.

ರೈ ಪುತ್ತೂರು: ಕುಚ್ಚಲಕ್ಕಿ ಗಂಜಿಗೆ 112 ಬರುವುದಾದ್ರೆ ದ.ಕ. ಜಿಲ್ಲೆಗೆ ಪಿಂಚಣಿ ಕೊಟ್ಟು ಪೂರೈಸ್ಲಿಕ್ಕುಂಟಾ?

ಸುಜಾತಾ ಮಣಿಪಾಲ: ಪುಟದ ಮಾತು ಆಮೇಲೆ. 112 ಹೌದಾ ಅಂತ ಯಾರಾದ್ರೂ ನೋಡಿದ್ರಾ?

ಹೆಗ್ಡೆ ಕಾರ್ಕಳ: ಆಧಾರದಲ್ಲಿ ಉಂಟಲ್ಲ ಸುಜಾತಾ. 01/01/1913.

ಸುಜಾತಾ ಮಣಿಪಾಲ: ಅದೇ ಮೊದಲ ಸಂಶಯ. ಜನವರಿ 1 ಅಂದ್ರೆ ತಾರೀಕು ಗೊತ್ತಿಲ್ಲ, ವರ್ಷ ಬಾಯಲ್ಲಿ ಹೇಳಿದ್ದು ಅಂತ ಅರ್ಥ. ಶಾಲೆಯ ಅಡ್ಮಿಶನ್ ಪುಸ್ತಕದಲ್ಲಿ ಅರ್ಧ ತರಗತಿ ಜೂನ್ 1ಕ್ಕೆ ಹುಟ್ಟಿರ್ತದಲ್ಲ, ಹಾಗೆ. ಅಜ್ಜಿಗೆ 97 ಆಗುವಾಗ ಆಧಾರ್ ಶುರು ಆದದ್ದು. ಹುಟ್ಟಿ ಅಷ್ಟು ವರ್ಷ ಕಳೆದು ಮಾಡಿದ ಕಾರ್ಡು ಹುಟ್ಟಿಗೆ ಸಾಕ್ಷಿ ಹೇಗಾಗ್ತದೆ? 110 ದಾಟಿದವರನ್ನು ಪರಿಶೀಲಿಸುವ ಜೆರಂಟಾಲಜಿ ರಿಸರ್ಚ್ ಗ್ರೂಪಿನಂಥವರು ಮೊದಲು ಕೇಳುವುದೇ ಬಾಲ್ಯದ ದಾಖಲೆ. ಹುಟ್ಟಿದ ಹೊಸತರಲ್ಲಿ ಬರೆದದ್ದಾದ್ರೆ ಉತ್ತಮ, ಇಲ್ಲದಿದ್ರೆ ಮೊದಲ 20 ವರ್ಷದೊಳಗಿನದ್ದು. ಆಮೇಲೆ ಮದುವೆಗೆ ಹೆಸರು ಬದಲಾದ ದಾಖಲೆ, ಆಮೇಲೆ ಈಗಿನ ಗುರುತು. ಮೂರೂ ಒಂದೇ ಮನುಷ್ಯರದ್ದು ಅಂತ ಕೊಂಡಿ ಸಿಗ್ಬೇಕು. ಎಡವುವುದು ಹೆಚ್ಚಾಗಿ ಆ ಕೊಂಡಿಯಲ್ಲಿ.

ಡಿಸೋಜ ಬಜ್ಪೆ: ಇಗರ್ಜಿ (ಚರ್ಚ್) ಪುಸ್ತಕ ಇದ್ದಲ್ಲಿ ಕೊಂಡಿ ಸಿಗ್ತದೆ. ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಹುಟ್ಟಿದ ದಿನ, ಸ್ನಾನದ ದಿನ, ಅಪ್ಪ ಅಮ್ಮ, ದೇವಪಿತ ದೇವಮಾತೆ, ಪಾದ್ರಿಗಳ ಸಹಿ. 1908ರ ನಿಯಮದ ನಂತರ ಮದುವೆಯನ್ನೂ ಅದೇ ನಮೂದಿನ ಮಗ್ಗುಲಲ್ಲಿ ಬರೆಯುವ ಕ್ರಮ ಬಂತು. ಸುಜಾತಾ ಹೇಳಿದ ಎರಡನೇ ದಾಖಲೆ ಅಲ್ಲೇ ಪಕ್ಕದಲ್ಲಿ ಇರ್ತದೆ. ಆದ್ರೆ ಒಂದು ಕುಣಿಕೆ ಉಂಟು. ಶಿಶು ತೀರಿಕೊಂಡ್ರೆ ಮುಂದಿನ ಮಗುವಿಗೆ ಅದೇ ಹೆಸರು. ಮೊದಲ ಗಂಡು ಮಗುವಿಗೆ ಅಜ್ಜನ ಹೆಸರು. ಒಂದೇ ವಾಳೆಯಲ್ಲಿ (ಇಗರ್ಜಿಯ ವಾರ್ಡಿನಲ್ಲಿ) ಒಂದೇ ಹೆಸರಿನವರು ಮೂರು ಜನ. ಹಾಗಾಗಿ ಸಿಕ್ಕಿದ ನಮೂದಿನ ಹಿಂದೆ ಮುಂದೆ ಹತ್ತು ಹತ್ತು ವರ್ಷ ಅದೇ ಅಪ್ಪ ಅಮ್ಮನ ಮಕ್ಕಳನ್ನೆಲ್ಲ ಬರೆದುಕೊಳ್ಳಬೇಕು, ಮರಣದ ಪುಸ್ತಕವನ್ನೂ ನೋಡ್ಬೇಕು.

ಸುಜಾತಾ ಮಣಿಪಾಲ: ಜಪಾನಿನ ಶಿಗೆಚಿಯೊ ಇಝುಮಿ ಎಡವಿದ್ದು ಅಲ್ಲೇ. 1986ರಲ್ಲಿ ಹೋಗುವಾಗ 120 ಅಂತ ಗಿನ್ನೆಸ್‌ನಲ್ಲೇ ಇತ್ತು. ಆ ಜನನ ದಾಖಲೆ ಮೊದಲೇ ತೀರಿಕೊಂಡ ಅಣ್ಣನದ್ದು, ಅದೇ ಹೆಸರು ತಮ್ಮನಿಗೆ ಬಂತು ಅಂತ ಆಮೇಲೆ ಸಂಶಯ ಎದ್ದಿತು. ಮಾನ್ಯತೆ ಹೋಯ್ತು. ಗಂಡಸರಲ್ಲಿ ಈಗ ಮೊದಲಿಗರು ಜಿರೊಎಮೊನ್ ಕಿಮುರಾ, 116 ವರ್ಷ 54 ದಿನ.

ಹೆಗ್ಡೆ ಕಾರ್ಕಳ: ಜಪಾನಿನಲ್ಲೇ ಹೀಗಾದ್ರೆ...

ಸುಜಾತಾ ಮಣಿಪಾಲ: 2010ರಲ್ಲಿ ಟೋಕಿಯೊದ "111 ವರ್ಷದ" ಸೊಗೆನ್ ಕಾತೊ ಅವರನ್ನು ಅಭಿನಂದಿಸ್ಲಿಕ್ಕೆ ಮನೆಗೆ ಹೋದ್ರೆ ಹಾಸಿಗೆಯಲ್ಲಿ ಇದ್ದದ್ದು ಒಣಗಿದ ಶವ. ಸತ್ತು 30 ವರ್ಷ ಆಗಿತ್ತು. ಆಮೇಲೆ ಎಣಿಸಿದ್ರೆ ಕುಟುಂಬ ನೋಂದಣಿಯಲ್ಲಿ ನೂರು ದಾಟಿ ಎಲ್ಲಿದ್ದಾರೆ ಅಂತ ಗೊತ್ತಿಲ್ಲದವರು 2 ಲಕ್ಷ 30 ಸಾವಿರಕ್ಕೂ ಮೇಲೆ. ಅಮೆರಿಕದ್ದು ಇನ್ನೂ ಚಂದ: ಜನನ ಪತ್ರ ಕಡ್ಡಾಯ ಆದ ರಾಜ್ಯಗಳಲ್ಲಿ 110 ದಾಟಿದವರು ಶೇಕಡಾ 69ರಿಂದ 82ರಷ್ಟು ಕಡಿಮೆ ಆದ್ರು ಅಂತ ಸಂಶೋಧಕ ಸಾಲ್ ನ್ಯೂಮನ್ ಲೆಕ್ಕ ಹಾಕಿದ್ರು. 2024ರ ಇಗ್ ನೊಬೆಲ್ (ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ) ಅದಕ್ಕೇ.

ಸುಜಾತಾ ಮಣಿಪಾಲ: ನಮ್ಮದೂ ನೋಡಿ. 2011ರ ಜನಗಣತಿಯಲ್ಲಿ ನೂರು ದಾಟಿದವರು ಸುಮಾರು 6 ಲಕ್ಷ. ಅದೇ ವರ್ಷ ಜಪಾನಿನಲ್ಲಿ 48 ಸಾವಿರದೊಳಗೆ. ಜನಸಂಖ್ಯೆಗೆ ಭಾಗಿಸಿ: ನಮ್ಮಲ್ಲಿ ಲಕ್ಷಕ್ಕೆ 50, ಅವರಲ್ಲಿ 37. ಜಪಾನಿಗಿಂತ ನಾವು ಹೆಚ್ಚು ಬದುಕ್ತೇವಾ?

ರೈ ಪುತ್ತೂರು: ಬರೀ ಲೊಟ್ಟೆ.

ಸುಜಾತಾ ಮಣಿಪಾಲ: ಲೊಟ್ಟೆ ಅಲ್ಲ ರೈಗಳೇ, ಅಂದಾಜು. ಕೇಳುವವನೂ ಅಂದಾಜು, ಹೇಳುವವನೂ ಅಂದಾಜು. ಒಂದು ಸಲ ಕಾಗದಕ್ಕೆ ಬಿದ್ರೆ ಅದೇ ಗಟ್ಟಿ. ಈಗ ಅಜ್ಜಿಯದ್ದು. ವೋಟರ್ ಕಾರ್ಡು ದೊಡ್ಡದು ಮಾಡಿ ನೋಡಿ, "1.1.1995ಕ್ಕೆ ವಯಸ್ಸು 71". ಹಾಗಾದ್ರೆ ಹುಟ್ಟು 1923ರ ಹತ್ತಿರ. ಪತ್ರಿಕೆಯಲ್ಲೇ ಬರೆದಿದ್ದಾರೆ, ಸಣ್ಣ ಮಗನಿಗೆ 59. ಅಂದ್ರೆ 1966. 1913ರ ಲೆಕ್ಕದಲ್ಲಿ ಅಜ್ಜಿ ಹೆತ್ತದ್ದು 53ಕ್ಕೆ! 1923 ಆದ್ರೆ 43, ಆಗುವ ಮಾತು. ನೂರು ದಾಟಿದವರದ್ದು ಬಂದ್ರೆ ಮೊದಲು ಕೊನೆ ಮಗುವಿನ ಪ್ರಾಯ ಕೇಳ್ಬೇಕು, ಸುಲಭದಲ್ಲಿ ಸಿಕ್ಕಿಬೀಳ್ತದೆ.

ಭಟ್ ಉಡುಪಿ: ಜಾತಕ ನಾನು ಓದಿದೆ. "ರುಧಿರೋದ್ಗಾರಿ ಸಂವತ್ಸರ, ಸಿಂಹ ಮಾಸ" ಅಂತ ಉಂಟು. ಅರವತ್ತರಲ್ಲಿ 57ನೆಯದು. 1923ರಿಂದ 24. ಅದರ ಹಿಂದಿನದ್ದು 1863, ಮುಂದಿನದ್ದು 1983. ಸಿಂಹ ಮಾಸ ಅಂದ್ರೆ ನಮ್ಮ ಸೋಣ ತಿಂಗಳು, 1923ರ ಆಗಸ್ಟ್–ಸೆಪ್ಟೆಂಬರ್. ವಾರ, ನಕ್ಷತ್ರ ಎರಡೂ ಬರೆದಿದ್ದಾರೆ, ಹಳೆ ಪಂಚಾಂಗಕ್ಕೆ ತಾಳೆ ಹಾಕಿದ್ರೆ ದಿನವೇ ಸಿಗ್ತದೆ. 1913ರದ್ದು ಯಾವ ಸಂವತ್ಸರ ಗೊತ್ತುಂಟಾ? ಪ್ರಮಾದೀಚ.

ರೈ ಪುತ್ತೂರು: ಪ್ರಮಾದವೇ ಆದದ್ದು ಹಾಗಾದ್ರೆ 😄

ಡಿಸೋಜ ಬಜ್ಪೆ: ಹತ್ತರ ಸ್ಥಾನದ ಒಂದು ಅಂಕಿ. ಎಲ್ಲ ಕಡೆ ಆಗುವ ತಪ್ಪೇ.

ಹೆಗ್ಡೆ ಕಾರ್ಕಳ: ಸರಿ, 102 ಅಂತಲೇ ಇಟ್ಕೊಳ್ಳಿ. ಆದ್ರೆ ನಿಮ್ಮ ಮಾತಿನಲ್ಲಿ ಒಂದು ಅನ್ಯಾಯ ಉಂಟು. ಕಾಗದ ಇದ್ದವರಿಗೆ ಮಾತ್ರ ಪ್ರಾಯ, ಪತ್ರಿಕೆಯವರು ಹೋದವರಿಗೆ ಮಾತ್ರ ಪುಟ. ಬೀಡಿ ಕಟ್ಟಿ, ಗದ್ದೆಯಲ್ಲಿ ನೇಜಿ ನೆಟ್ಟು ಬದುಕಿದ ಹೆಂಗಸಿನ ಬಗ್ಗೆ ಪುಸ್ತಕ ಯಾರು ಬರೀತಾರೆ? ಫೌಜಾ ಸಿಂಗ್ 2011ರಲ್ಲಿ ಟೊರಾಂಟೊದಲ್ಲಿ ನೂರು ಅಂತ ಮ್ಯಾರಥಾನ್ ಮುಗಿಸಿದ್ರು, ಜನನ ಪತ್ರ ಇಲ್ಲ ಅಂತ ಗಿನ್ನೆಸ್ ಒಪ್ಪಲಿಲ್ಲ. 1911ರಲ್ಲಿ ಪಂಜಾಬಿನ ಹಳ್ಳಿಯಲ್ಲಿ ಎಲ್ಲಿಯ ಜನನ ಪತ್ರ?

ಸುಜಾತಾ ಮಣಿಪಾಲ: ಇದನ್ನು ನಾನು ಒಪ್ತೇನೆ. ಅನ್ಯಾಯವೇ.

ಭಟ್ ಉಡುಪಿ: ನಾನೂ ಅಲ್ಲ ಅನ್ನುವುದಿಲ್ಲ. ಆದ್ರೆ ನಿಮ್ಮ ಉದಾಹರಣೆಯೇ ನೋಡಿ. ಗಿನ್ನೆಸ್ ಒಪ್ಪದಿದ್ರೂ ಫೌಜಾ ಸಿಂಗರ ಪುಟ ಉಂಟು, ಯಾಕೆಂದ್ರೆ ಅವರು ಓಡಿದ್ರು. ಸಾಲುಮರದ ತಿಮ್ಮಕ್ಕನ ಹತ್ತಿರ ಎಂತ ಕಾಗದ ಇತ್ತು? ಶಾಲೆಗೇ ಹೋದವರಲ್ಲ. ಹುಲಿಕಲ್–ಕುದೂರು ರಸ್ತೆಯ 385 ಆಲದ ಮರ, 2019ರ ಪದ್ಮಶ್ರೀ. ಜಿ. ವೆಂಕಟಸುಬ್ಬಯ್ಯನವರು 107 ಬದುಕಿದ್ರು, ಪುಟ ಇರುವುದು ನಿಘಂಟಿಗೆ. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 1915 ಜೂನ್ 8ರಿಂದ 2015 ಆಗಸ್ಟ್ 9ರವರೆಗೆ, ನೂರು ತುಂಬಿ ಎರಡು ತಿಂಗಳು. 70ಕ್ಕೇ ಹೋಗಿದ್ರೂ ಅವರ ಪುಟದಲ್ಲಿ ಒಂದು ಸಾಲು ಕಡಿಮೆ ಆಗ್ತಿರಲಿಲ್ಲ. ಅಜ್ಜಿಗೆ ಪಾಡ್ದನ ಬರ್ತದಾ? ಹೆರಿಗೆ ಮಾಡಿಸ್ತಿದ್ರಾ? ಯಾರಾದ್ರೂ ರೆಕಾರ್ಡ್ ಮಾಡಿ ಪ್ರಬಂಧ ಬರೆದಿದ್ರೆ ಹೇಳಿ, ಇವತ್ತು ರಾತ್ರಿಯೇ ಪ್ರಯೋಗಪುಟದಲ್ಲಿ (ಕರಡು ಬರೆಯುವ ಪುಟದಲ್ಲಿ) ಶುರು ಮಾಡ್ತೇನೆ.

ಹೆಗ್ಡೆ ಕಾರ್ಕಳ: ನೇಜಿ ನೆಡುವಾಗ ಓಬೇಲೆ ಹಾಡು ಹೇಳ್ತಿದ್ರಂತೆ. ಯಾರೂ ರೆಕಾರ್ಡ್ ಮಾಡಿಲ್ಲ.

ಭಟ್ ಉಡುಪಿ: ಹಾಗಾದ್ರೆ ಮೊದಲು ಮಾಡ್ಬೇಕಾದ್ದು ಅದು. ಸೂಜಿಗೆ ನೂಲು ಪೋಣಿಸುವುದು ನೂರು ಜನ ಬರೀತಾರೆ.

ಕಾಮತ್ ಅಡ್ಮಿನ್: ನಾವು ಈಗ ಜಾತಕ ಓದಿ 1923 ಅಂತ ಕಂಡುಹಿಡಿದದ್ದನ್ನು ವಿಕಿಪೀಡಿಯಕ್ಕೆ ಹಾಕಬಹುದಾ?

ಭಟ್ ಉಡುಪಿ: ಇಲ್ಲ. ಅದು ಸ್ವಂತ ಸಂಶೋಧನೆ. ಜಾತಕ, ವೋಟರ್ ಕಾರ್ಡು ಅಪ್‌ಲೋಡ್ ಮಾಡಿದ್ರೆ ಅಜ್ಜಿಯ ಖಾಸಗಿ ಮಾಹಿತಿ ಬಹಿರಂಗ ಆಗ್ತದೆ, ಬದುಕಿರುವವರ ವಿಷಯದಲ್ಲಿ ಇನ್ನೂ ಬಿಗಿ. ಬೇರೆ ಯಾರಾದ್ರೂ ಪರಿಶೀಲಿಸಿ ಪ್ರಕಟಿಸಬೇಕು, ನಾವು ಅದನ್ನು ಉಲ್ಲೇಖಿಸುವುದು ಮಾತ್ರ.

ಸುಜಾತಾ ಮಣಿಪಾಲ: ಹೆಗ್ಡೆಯವ್ರೆ, ಅಜ್ಜಿಯ ತವರಿನಲ್ಲಿ ಪಾಲುಪಟ್ಟಿ ಆಗಿದೆಯಾ ಕೇಳಿ. ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಪ್ರಾಯ ಬರೆಯುವ ಕ್ರಮ ಉಂಟು. ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರದ್ದೂ ಒಟ್ಟಿಗೆ ಇರುವ ಕಾರಣ ಒಬ್ಬರದ್ದು ಮಾತ್ರ ಹತ್ತು ವರ್ಷ ಹಾರ್ಲಿಕ್ಕೆ ಆಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವರ್ಷ ಹೇಳಿ ಇಂಡೆಕ್ಸ್ 1 ಕೇಳಿ. ಅದು ಹೆಸರಿನದ್ದು. ಇಂಡೆಕ್ಸ್ 2 ಜಾಗದ್ದು, ಸರ್ವೆ ನಂಬರ್ ಗೊತ್ತಿದ್ರೆ ಅದರಲ್ಲಿ ಹುಡುಕಬಹುದು.

ಹೆಗ್ಡೆ ಕಾರ್ಕಳ: ಮೊಮ್ಮಗನಿಗೆ ಈಗ ಫೋನ್ ಮಾಡಿದೆ. ಪಾಲುಪಟ್ಟಿ ಮನೆಯಲ್ಲೇ ಉಂಟಂತೆ, 1951ರದ್ದು. ಅಜ್ಜಿಗೆ 28 ಅಂತ ಬರೆದಿದೆಯಂತೆ.

ಸುಜಾತಾ ಮಣಿಪಾಲ: ಮುಗೀತಲ್ಲ. 1923.

ಹೆಗ್ಡೆ ಕಾರ್ಕಳ: ಮುಗೀಲಿಲ್ಲ ಮಾರಾಯ್ತಿ. ಆದಿತ್ಯವಾರ ಊರಿನವರ ಸನ್ಮಾನ. ಫಲಕದಲ್ಲಿ 112 ಅಂತ ಕೆತ್ತಿ ಆಗಿದೆ.

ರೈ ಪುತ್ತೂರು: ನಡುವಿನ 1ನ್ನು ಸೊನ್ನೆ ಮಾಡ್ಲಿಕ್ಕೆ ಆಗ್ತದಾ ಅಂತ ಕೇಳಿ ನೋಡಿ.