ಸಹಾಯ ಬೇಕು: 583101 ಸಮೃದ್ಧ ಸಂಖ್ಯೆಯೋ, ನ್ಯೂನ ಸಂಖ್ಯೆಯೋ?

ಊರಿನ ಪಿನ್ ಕೋಡಿನ ಗುಣಗಳನ್ನು ಬರೆದು ತರುವಂತೆ ಮಗಳಿಗೆ ಶಾಲೆಯಲ್ಲಿ ಹೇಳಿದ್ದಾರೆ. ನಮ್ಮದು ಬಳ್ಳಾರಿ, 583101. ಅಂಕಿಗಳ ಮೊತ್ತ 18, ಹಾಗಾಗಿ 9ರಿಂದ ಸಲೀಸಾಗಿ ಭಾಗವಾಯಿತು. ಉಳಿದ 64789 ಮಾತ್ರ ಬೆವರಿಳಿಸಿತು. 7, 11, 13 ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋದರೆ 67ಕ್ಕೆ ಬಂದಾಗ ಶೇಷ ಸೊನ್ನೆ! ಅಂದರೆ 3 × 3 × 67 × 967. ಒಟ್ಟು 12 ಭಾಜಕಗಳು, ಮೊತ್ತ 855712.

ಭಾಜಕಗಳ ಮೊತ್ತ ಸಂಖ್ಯೆಗಿಂತ ಹೆಚ್ಚಾದರೆ ಸಮೃದ್ಧ, ಕಡಿಮೆಯಾದರೆ ನ್ಯೂನ, ಸಮವಾದರೆ ಪರಿಪೂರ್ಣ ಎನ್ನುತ್ತಾರೆ. ಸಿಕ್ಕಿಕೊಂಡಿರುವುದು ಇಲ್ಲಿ. ಮೊತ್ತವು ಸಂಖ್ಯೆಗಿಂತ ದೊಡ್ಡದು, ಆದ್ದರಿಂದ ಸಮೃದ್ಧ ಎಂದು ಮಗಳ ವಾದ. ಆದರೆ ಅದರಲ್ಲಿ 583101 ಕೂಡ ಸೇರಿದೆ. ತೆಗೆದರೆ ಉಳಿಯುವುದು ಬರೀ 272611. 6ನ್ನು ಪರಿಪೂರ್ಣ ಎನ್ನುವಾಗ 1 + 2 + 3 ಅಷ್ಟೇ ಕೂಡಿಸುತ್ತಾರಲ್ಲವೇ? ಅಪ್ಪನ ಲೆಕ್ಕವನ್ನು ಯಾವ ಮಕ್ಕಳು ನಂಬುತ್ತಾರೆ!

ಗಣಿತ ಬಲ್ಲವರು ದಯವಿಟ್ಟು ತಿಳಿಸಿ: ವರ್ಗೀಕರಿಸುವಾಗ ಆ ಸಂಖ್ಯೆಯನ್ನೇ ಭಾಜಕವಾಗಿ ಸೇರಿಸಬೇಕೋ, ಬಿಡಬೇಕೋ?