ಪದಬಂಧದಲ್ಲಿ ಪಾಯಸವೂ ಲೆಕ್ಕವೂ: ಬಿಡಿಸಿದವರು ಹೇಳಿ

ಕೇಳಿದವರು, ಉಡುಪಿ ಕಡಿಯಾಳಿ:
ಕನ್ನಡ ಪದಬಂಧವನ್ನು ಹೇಗೋ ಮುಗಿಸುತ್ತೇನೆ. ಈ ಮಳೆಗಾಲದಲ್ಲಿ ಮಾತಿನ ಚಮತ್ಕಾರದಲ್ಲಿ ಉತ್ತರ ಅಡಗಿಸುವ ಇಂಗ್ಲಿಷಿನ ಕ್ರಿಪ್ಟಿಕ್ ಕ್ರಾಸ್‌ವರ್ಡಿಗೂ ಕೈ ಹಾಕಿದ್ದೇನೆ. ಊಟದ ಕೊನೆಯ ಸಿಹಿ, ಕೂಡಿ ಕಳೆಯುವ ಲೆಕ್ಕ, ಇವೆರಡು ಬಂದಲ್ಲಿ ಪೆನ್ಸಿಲ್ ನಿಂತುಬಿಡುತ್ತದೆ. ನಿನ್ನೆಯ ಸುಳಿವಿನ ತಾತ್ಪರ್ಯ: 'ಕೂಡಿಸುವವರಿಗೆ ಬಡಿಸುವ ಸಿಹಿ? (6,7)', ಅಂದರೆ ಆರು ಮತ್ತು ಏಳು ಅಕ್ಷರದ ಎರಡು ಪದ. ಎರಡನೆಯ ಪದ ಪುಡಿಂಗ್ ಎಂದು ತಿಳಿಯಿತು. ಮೊದಲನೆಯದು?

ಕದ್ರಿಯಿಂದ, ನಿವೃತ್ತ ಗಣಿತ ಟೀಚರ್:
ಸಮ್ಮರ್ ಪುಡಿಂಗ್. ಮೊತ್ತಕ್ಕೆ ಅವರು ಸಮ್ ಎನ್ನುತ್ತಾರೆ, ಮೊತ್ತ ಮಾಡುವವರು ಸಮ್ಮರ್. ಬೇಸಿಗೆಗೂ ಇದಕ್ಕೂ ಸಂಬಂಧವಿಲ್ಲ. ಸುಳಿವಿನ ಕೊನೆಗೆ ಪ್ರಶ್ನೆಯ ಚಿಹ್ನೆ ಇದ್ದರೆ ಕೀಟಲೆ ಇದೆ ಎಂದೇ ಲೆಕ್ಕ. ಬಟ್ಟಲಿನ ಒಳಗೆ ಬ್ರೆಡ್ ಹಾಸಿ, ಸಕ್ಕರೆಯಲ್ಲಿ ಬೇಯಿಸಿದ ರಾಸ್‌ಬೆರಿ, ಕೆಂಪು ಕರಂಟ್ ತುಂಬಿ, ಮೇಲೆ ಭಾರ ಹೇರಿ ರಾತ್ರಿಯಿಡೀ ಇಡುವ ಇಂಗ್ಲೆಂಡಿನ ತಿನಿಸು ಅದು. ನಾನು ತಿಂದವಳಲ್ಲ, ಪದಬಂಧದಿಂದಲೇ ಪರಿಚಯ.

ಆ್ಯಡರ್ ಕೂಡ ಇದೇ ಜಾತಿ. ಕೂಡಿಸುವವನೂ ಹೌದು, ಹಾವೂ ಹೌದು. ಮೂವತ್ತು ವರ್ಷ ಭಾಗಾಕಾರ ಕಲಿಸಿದ ನನಗೆ ಇದರಲ್ಲಿ ಆಶ್ಚರ್ಯವಿರಲಿಲ್ಲ. ನಮ್ಮಲ್ಲಿ ಭಾಗಿಸಿ ಉಳಿದದ್ದೂ ಹಾವೇ ಅಲ್ಲವೇ, ಶೇಷ! 'ವಿಷ್ಣುವಿಗೆ ಹಾಸಿಗೆ, ಭಾಗಾಕಾರಕ್ಕೆ ಉಳಿಕೆ (2)' ಎಂದು ಮೊಮ್ಮಗಳಿಗೆ ಕೊಟ್ಟೆ. ಅರ್ಧ ನಿಮಿಷದಲ್ಲಿ ಬಿಡಿಸಿದಳು. ಆಮೇಲೆ ಕೊಟ್ಟದ್ದು, 'ಗದ್ದೆಯಲ್ಲಿದ್ದರೆ ಕೀಳಬೇಕು, ಮುಖದಲ್ಲಿದ್ದರೆ ಚೆಂದ, ಲೆಕ್ಕದಲ್ಲಿ ಬಂದರೆ ಕಡಿಮೆ (2)'. ಸಂಜೆಯವರೆಗೆ ಅಡುಗೆಮನೆಗೂ ಜಗಲಿಗೂ ಓಡಾಡಿ, ಕೊನೆಗೆ ಅಂಗಳದಲ್ಲಿ ಹುಲ್ಲು ಕೀಳುತ್ತಿದ್ದವರನ್ನು ನೋಡಿ 'ಕಳೆ' ಎಂದು ಕಿರುಚಿದಳು. ಲೆಕ್ಕದ ಪದ ಕಂಡರೆ ಶಾಲೆಯ ಹೊರಗೆ ಅದು ಏನು ಮಾಡುತ್ತದೆ ಎಂದು ನೋಡಿ. ಸಂಕಲನಕ್ಕೆ ಕಥೆಗಳೂ ಬೇಕು, ವರ್ಗಕ್ಕೆ ಮಕ್ಕಳೂ ಬೇಕು.

ಉಡುಪಿ ರಥಬೀದಿಯಿಂದ, ಅಡುಗೆಯವರು:
ಟೀಚರೇ, ಸಿಹಿಯ ಪಾಲು ನನಗಿರಲಿ. ಇಂಗ್ಲಿಷಿನಲ್ಲಿ ನಾಲ್ಕಕ್ಷರದ ಪುಡಿಂಗ್ ಕೇಳಿದರೆ ಮೊದಲು ಸೇಗೊ ಹಾಕಿ ನೋಡಿ. ಎಸ್ ಪಕ್ಕದಲ್ಲಿ 'ಹಿಂದೆ' ಎಂಬ ಅರ್ಥದ ಅಗೋ, ಅಷ್ಟೇ. ಅವರದ್ದು ತಾಳೆಯಂಥ ಮರದ ತಿರುಳು, ನಮ್ಮ ಪಾಯಸದ ಸಬ್ಬಕ್ಕಿ ಮರಗೆಣಸಿನದ್ದು. ಹಾಗಾಗಿ ಏಳು ಮನೆ, ಅಂದರೆ ಚೌಕ, ಇದ್ದರೆ ಮರಗೆಣಸಿನ ಟ್ಯಾಪಿಯೋಕ. ಫೂಲ್ ಎಂದರೆ ಪೆದ್ದ ಮಾತ್ರವಲ್ಲ, ಹಣ್ಣು ಅರೆದು ಕೆನೆ ಬೆರೆಸಿದ ಸಿಹಿಯೂ ಹೌದು. ಟ್ರೈಫಲ್ ಎಂಬ ಸಿಹಿಯ ಹೆಸರಿಗೆ ಅಲ್ಪ ಎಂದೂ ಅರ್ಥ, ತಿಂದಾಗ ಮಾತ್ರ ಅಲ್ಪವಲ್ಲ. ಕನ್ನಡದಲ್ಲಿ 'ಕುದುರೆ ಮುಖದ ದೇವರು ಬಾಣಲೆಯಲ್ಲಿ (4)' ಎಂದರೆ ಕಡಲೆಬೇಳೆ, ಬೆಲ್ಲ, ತುಪ್ಪ ನೆನಪಾಗಬೇಕು: ಹಯಗ್ರೀವ.

ಮಂಗಳೂರು ಹಂಪನಕಟ್ಟೆಯಿಂದ:
ಮನೆ ಎಣಿಸುವುದರಲ್ಲೇ ನಾನು ಹೆಚ್ಚು ಸಲ ಎಡವಿದ್ದು. ಒತ್ತಕ್ಷರಕ್ಕೆ ಒಂದೇ ಮನೆ. ಹಾಗಾದರೆ ನಮ್ಮ ಗಡ್‌ಬಡ್ ಐಸ್‌ಕ್ರೀಮಿಗೆ ಎಷ್ಟು? ಬಿಡಿಸಿ ಬರೆದರೆ ನಾಲ್ಕು, ಒತ್ತು ಕೊಟ್ಟು 'ಗಡ್ಬಡ್' ಎಂದರೆ ಮೂರು. ಇದಕ್ಕಾಗಿ ಅಣ್ಣನೊಂದಿಗೆ ಜಗಳವಾಡಿ ಐಸ್‌ಕ್ರೀಂ ಕರಗಿದ್ದೂ ಇದೆ.

ಕೇಳಿದವರು:
ಸಮ್ಮರ್ ಸರಿಯಾಗಿ ಕೂತಿತು ಟೀಚರೇ. ನಾನೂ ಒಂದು ಹೊಸೆದಿದ್ದೇನೆ: 'ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಇಂಗ್ಲಿಷರ ತಿನಿಸು, ರೂಪಾಯಿಗೆ 192 ಸಿಗುತ್ತಿದ್ದ ಕಾಸು, ನಮ್ಮ ನೆರೆಮನೆಯವರು (1)'. ಒಂದೇ ಮನೆಯ ಉತ್ತರವಾದ್ದರಿಂದ ಯಾವ ಪದಬಂಧವೂ ಸೇರಿಸಿಕೊಳ್ಳದು. ನೆರೆಮನೆಯ ಪೈ ಮಾಮನಿಗೆ ತೋರಿಸಿದ್ದೇನೆ, ಇನ್ನೂ ಯೋಚಿಸುತ್ತಿದ್ದಾರೆ.